ಪಥ್ಯ ಮುರಿದ ದಿನಗಳು

ಈ ಪ್ರಕರಣ ಆರಂಭವಾದದ್ದು 2017ರಲ್ಲಿ. ಕೇಸ್ ಪೇಪರ್ ಹಾಗೆನ್ನುತ್ತದೆ. ಕಾಗದ ನೋಡದೆ ಹೇಳಿ ಎಂದಿದ್ದರೆ ನಾನು 2015 ಎನ್ನುತ್ತಿದ್ದೆ, ಅದೂ ಗಟ್ಟಿ ದನಿಯಲ್ಲಿ. ಬರೆಯಲು ಕೂರುವ ಮೊದಲು ಹಳೆಯ ಕಡತ ತೆಗೆದು ನೋಡಿದೆ. ನನಗೆ ಚೆನ್ನಾಗಿ ನೆನಪಿದೆ ಎಂದುಕೊಂಡಿದ್ದ ಸಂಗತಿಗಳಲ್ಲಿ ಅರ್ಧದಷ್ಟು ತಪ್ಪಾಗಿದ್ದವು. ಆದ್ದರಿಂದ ಕಾಗದದಲ್ಲಿ ಇರುವುದನ್ನು ಕಾಗದದಲ್ಲಿದೆ ಎಂದೇ ಹೇಳುತ್ತೇನೆ. ಉಳಿದದ್ದು ನೆನಪು, ಅದನ್ನು ಅಷ್ಟರಮಟ್ಟಿಗೆ ಮಾತ್ರ ನಂಬಬೇಕು. ಹೆಸರುಗಳನ್ನು ಬದಲಿಸಿದ್ದೇನೆ.

ಆಗ ನಾನು ಒಂದು ಸೇವಾ ಟ್ರಸ್ಟಿನ ವೈದ್ಯಾಧಿಕಾರಿ. ಓದಿದ್ದು ಫ್ಯಾಮಿಲಿ ಮೆಡಿಸಿನ್, ಅಂದರೆ ನೆಗಡಿಯಿಂದ ಬಾಣಂತನದವರೆಗೆ ಒಂದು ಮನೆಯ ಎಲ್ಲರ ಎಲ್ಲ ಕಾಯಿಲೆಗಳನ್ನೂ ನೋಡುವ ವಿದ್ಯೆ. ಕೆಲಸಕ್ಕೆ ಸೇರಿದ ಮೇಲೆ ನನ್ನ ಪಾಲಿಗೆ ಉಳಿದದ್ದು ಎರಡೇ ಕಾಯಿಲೆಗಳು: ಕುಡಿತ ಮತ್ತು ಎಚ್‌ಐವಿ. ಸೋಮವಾರ ಹಾನಗಲ್, ಮಂಗಳವಾರ ಹಿರೇಕೆರೂರು, ಗುರುವಾರ ಸವಣೂರು, ಶನಿವಾರ ಶಿಗ್ಗಾಂವ. ಪ್ರತಿ ಊರಲ್ಲೂ ಬಾಡಿಗೆಯ ಎರಡು ಕೋಣೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಕೌನ್ಸೆಲರ್ ಶಮಶಾದ್. ಸವಣೂರಿನವರೇ ಆದ ಆಕೆ ರೋಗಿಗಳಿಗೆಲ್ಲ 'ಅಕ್ಕಾರು'. ಔಷಧ ಸರ್ಕಾರದ್ದು, ಉಚಿತ. ಅದನ್ನು ಕೊಡುವುದು, ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ನಿಗಾ ಇಡುವುದು ನಮ್ಮ ಹೊಣೆ.

ನಾಲ್ಕು ತಾಲೂಕಿನಲ್ಲಿ ನಾಲ್ಕು ಕ್ಲಿನಿಕ್ ಇಟ್ಟದ್ದು ಜನ ತಮ್ಮ ಊರಿಗೆ ಹತ್ತಿರದ್ದಕ್ಕೆ ಬರಲಿ ಎಂದು. ಆದದ್ದು ಉಲ್ಟಾ. ಹಿರೇಕೆರೂರಿನವರು ಶಿಗ್ಗಾಂವಿಗೆ ಹೋಗುತ್ತಿದ್ದರು, ಶಿಗ್ಗಾಂವಿನವರು ಹಾನಗಲ್ಲಿಗೆ, ಹಾನಗಲ್ಲಿನವರು ಸವಣೂರಿಗೆ. ಬಸ್ಸಿನಲ್ಲಿ ಅರ್ಧ ದಿನ ಕಳೆದರೂ ಪರವಾಗಿಲ್ಲ, ಗುರುತಿನವರ ಕಣ್ಣಿಗೆ ಬೀಳಬಾರದು. ಒಮ್ಮೆ ಒಂದೇ ಊರಿನ ಇಬ್ಬರು ಸವಣೂರಿನ ನಮ್ಮ ಬೆಂಚಿನ ಮೇಲೆ ಎದುರಾಬದುರಾದರು. ಇಬ್ಬರೂ ಏಕಕಾಲಕ್ಕೆ "ಶುಗರ್ ತೋರಸಾಕ ಬಂದಿದ್ದೆ" ಎಂದರಂತೆ. ಶಮಶಾದ್ ಒಳಗೆ ಬಂದು, "ಸರ, ನಿಮ್ಮೂರಾಗ ಭಾಳ ಸಕ್ಕರಿ ಬೆಳಿತಾರೇನು ಅಂತ ಕೇಳಬೇಕಿತ್ತು ನೋಡ್ರಿ, ತಡಕೊಂಡೆ" ಎಂದು ನಕ್ಕಿದ್ದು ನೆನಪಿದೆ. ಈ ನೆನಪಿಗೆ ಕಾಗದದ ಆಧಾರವಿಲ್ಲ.

ಫಕ್ಕೀರಪ್ಪನೂ ಅಂಥ ದೂರದ ರೋಗಿ. ತಿಳವಳ್ಳಿ ಕಡೆಯ ಒಂದು ಹಳ್ಳಿಯವನು. ಹಾನಗಲ್ ಕ್ಲಿನಿಕ್ ಬಿಟ್ಟು ಗುರುವಾರ ಸವಣೂರಿಗೆ ಬಂದ. ವಯಸ್ಸು ನಲವತ್ತೊಂದು. ಹರ್ನಿಯಾ ಆಪರೇಶನ್ನಿಗೆ ಮುಂಚೆ ಮಾಡಿದ ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಇರುವುದು ಗೊತ್ತಾಗಿತ್ತು. ಆಮೇಲೆ ಹೆಂಡತಿ ರತ್ನವ್ವನಿಗೆ ಪರೀಕ್ಷೆ ಮಾಡಿದರೆ ಆಕೆಗೂ ಇತ್ತು. ಇಬ್ಬರೂ ಒಂದೇ ದಿನ, ಆದರೆ ಬೇರೆ ಬೇರೆ ಬಸ್ಸಿನಲ್ಲಿ ಬಂದಿದ್ದರು. ಜೊತೆಯಾಗಿ ಹೊರಟರೆ ಊರಲ್ಲಿ 'ಎಲ್ಲಿಗೆ' ಎಂದು ಕೇಳುತ್ತಾರೆ ಎಂಬ ಕಾರಣಕ್ಕೆ.

ಅವನ ಕೆಲಸ ಗೋವಿನಜೋಳದ ರಾಶಿ ಮಶಿನ್ ನಡೆಸುವುದು. ತೆನೆ ಒಳಗೆ ಹಾಕಿದರೆ ಕಾಳು ಒಂದು ಕಡೆ, ಬೆಂಡು ಒಂದು ಕಡೆ ಉಗುಳುವ ಆ ಯಂತ್ರವನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಸುಗ್ಗಿಯ ತಿಂಗಳುಗಳಲ್ಲಿ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಕಣದಿಂದ ಕಣಕ್ಕೆ ತಿರುಗುತ್ತಿದ್ದ. ಮೋಡ ಕಂಡರೆ ರೈತನ ಜೀವ ಬಾಯಿಗೆ ಬರುತ್ತದೆ, ಮಶಿನ್ ಮೊದಲು ತನ್ನ ಕಣಕ್ಕೇ ಬರಬೇಕು. ಅದಕ್ಕಾಗಿ ಮಶಿನ್ನಿನವರಿಗೆ ಊಟದ ಜೊತೆ ಶೆರೆಯ, ಅಂದರೆ ಮದ್ಯದ, ಪಾಕೀಟು ಕೊಡುವುದು ಆ ಭಾಗದ ರೂಢಿ. ಕೊಡದಿದ್ದರೆ ರೈತ ಜಿಪುಣ ಎನ್ನಿಸಿಕೊಳ್ಳುತ್ತಾನೆ. ತೆಗೆದುಕೊಳ್ಳದಿದ್ದರೆ ಮಶಿನ್ನಿನವನು ಸೊಕ್ಕಿನವನು ಎನ್ನಿಸಿಕೊಳ್ಳುತ್ತಾನೆ. ಹದಿನೆಂಟನೆಯ ವಯಸ್ಸಿನಿಂದ ಫಕ್ಕೀರಪ್ಪ ತೆಗೆದುಕೊಂಡೇ ಬಂದಿದ್ದ. ನಮ್ಮಲ್ಲಿಗೆ ಬರುವ ಹೊತ್ತಿಗೆ ಸುಗ್ಗಿ ಇರಲಿ ಬಿಡಲಿ, ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತಿತ್ತು.

"ನನಗ ನೂರು ವರ್ಷ ಬ್ಯಾಡ್ರಿ ಸಾಹೇಬ್ರ. ಇನ್ನ ಒಂದು ಹತ್ತು ಸುಗ್ಗಿ ಮಶಿನ್ ಹೊಡಿಯೂವಷ್ಟು ಮಾಡಿ ಕೊಡ್ರಿ, ಸಾಕು" ಎಂದ.

ರತ್ನವ್ವ ತಲೆ ಎತ್ತದೆ, "ಹತ್ತು ಸುಗ್ಗಿ ಕುಡಿಯಾಕ ಕೇಳಾಕತ್ತಾರ್ರಿ ಇವರು. ಮಶಿನ್ನಿಂದು ನೆಪ" ಎಂದಳು. ಅವನು ಮಗುವಿನಂತೆ ನಕ್ಕ. ಅವನ ಮುಖದಲ್ಲಿ ನನಗೆ ಉಳಿದಿರುವುದು ಆ ನಗು ಒಂದೇ. ಕಣ್ಣು, ಮೂಗು, ಮೀಸೆ ಇತ್ತೋ ಇಲ್ಲವೋ, ಒಂದೂ ನೆನಪಿಲ್ಲ.

ಮೊದಲು ಕುಡಿತದ ಕೆಲಸ. ವರ್ಷಗಟ್ಟಲೆ ಕುಡಿದವನು ಒಮ್ಮೆಲೇ ಬಿಟ್ಟರೆ ಮೈ ನಡುಗಿ, ಬೆವತು, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ಇದಕ್ಕೆ ವಿದ್‌ಡ್ರಾವಲ್ ಎನ್ನುತ್ತಾರೆ. ಹತ್ತು ದಿನ ಔಷಧದ ಪ್ರಮಾಣವನ್ನು ದಿನೇ ದಿನೇ ಇಳಿಸುತ್ತಾ ಅವನನ್ನು ದಾಟಿಸಿದೆವು. ಆಮೇಲೆ ಎಆರ್‌ಟಿ, ಅಂದರೆ ಎಚ್‌ಐವಿ ವೈರಾಣುವನ್ನು ಹತ್ತಿಕ್ಕುವ ಔಷಧ. ಆಗ ಕೊಡುತ್ತಿದ್ದದ್ದು ಮೂರು ಔಷಧ ಸೇರಿಸಿದ ಒಂದೇ ಗುಳಿಗೆ, ದಿನಕ್ಕೊಂದು, ಮಲಗುವ ಮುನ್ನ. ಅದರಲ್ಲಿನ ಒಂದು ಅಂಶ ತಲೆ ತಿರುಗಿಸುತ್ತದೆ, ಕೆಟ್ಟ ಕನಸು ತರುತ್ತದೆ. ಶೆರೆ ಸೇರಿದರೆ ಇದು ಹೆಚ್ಚು. ಹಾಗೆಂದು ಶೆರೆ ಕುಡಿದವನು ಗುಳಿಗೆ ತೆಗೆದುಕೊಂಡರೆ ವಿಷವೇನೂ ಆಗುವುದಿಲ್ಲ. ವಿಷವಾಗುವುದು ಗುಳಿಗೆ ತಪ್ಪಿಸಿದರೆ. ಈ ವೈರಾಣುವಿಗೆ ಪೂರ್ತಿ ಪೆಟ್ಟು ಕೊಡಬೇಕು. ಇಂದು ಕೊಟ್ಟು ನಾಳೆ ಬಿಟ್ಟರೆ ಅದು ಸಾಯುವುದಿಲ್ಲ, ಪೆಟ್ಟು ತಪ್ಪಿಸಿಕೊಳ್ಳುವುದನ್ನು ಕಲಿಯುತ್ತದೆ. ಆಮೇಲೆ ಆ ಔಷಧವನ್ನು ಮುಷ್ಟಿ ತುಂಬ ತಿಂದರೂ ಉಪಯೋಗವಿಲ್ಲ. ಇದಕ್ಕೆ ರೆಸಿಸ್ಟನ್ಸ್ ಎಂದು ಹೆಸರು.

ಇಷ್ಟನ್ನೂ ಹಳ್ಳಿಯ ರೋಗಿಗೆ ತಿಳಿಸುವುದು ಹೇಗೆ? ನನಗೆ ನನ್ನದೇ ಒಂದು ದಾರಿ ಇತ್ತು, ಅದರ ಬಗ್ಗೆ ಹೆಮ್ಮೆಯೂ ಇತ್ತು. ಧಾರವಾಡದಲ್ಲಿ ಬೆಳೆದವನು, ಅಲ್ಲಿಯ ಮಾತು ಬರುತ್ತದೆ. ಪುಸ್ತಕದ ಭಾಷೆ ಬಿಟ್ಟು ಜನರ ಬದುಕಿನಿಂದಲೇ ಹೋಲಿಕೆ ತೆಗೆಯುತ್ತಿದ್ದೆ. ಈ ಸೀಮೆಯಲ್ಲಿ ಕಾಮಣಿಗೆ, ಅಂದರೆ ಜಾಂಡೀಸಿಗೆ, ಎಲೆ ಔಷಧ ಕೊಡುವ ಮನೆಗಳಿವೆ. ಉಪ್ಪು, ಎಣ್ಣೆ, ಬದನೆಕಾಯಿ, ಮೀನು ಬಿಡಬೇಕು ಎಂದು ಪಥ್ಯ ಹೇಳುತ್ತಾರೆ, ಜನ ಅದನ್ನು ಕಣ್ಣಿಗೊತ್ತಿಕೊಂಡು ಪಾಲಿಸುತ್ತಾರೆ. ಎಲೆಯ ಮೇಲೆ ನನಗೆ ಕವಡೆಯಷ್ಟೂ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಆ ಪಾಲನೆಯನ್ನು ಕಂಡು ಆಸೆಯಾಗುತ್ತಿತ್ತು. ಅದನ್ನೇ ನನ್ನ ಗುಳಿಗೆಗೂ ಎರವಲು ಪಡೆದರೆ ಹೇಗೆ ಎಂದುಕೊಂಡೆ.

"ನೋಡು ಫಕ್ಕೀರಪ್ಪ, ಕಾಮಣಿ ಔಷಧಕ್ಕ ಪಥ್ಯ ಇರೂದಿಲ್ಲೇನು? ಇದಕ್ಕೂ ಐತಿ. ಇದರ ಪಥ್ಯ ಒಂದ, ಶೆರೆ ಮುಟ್ಟಬಾರದು" ಎಂದೆ.

ಅವನು ಬೆನ್ನು ನೇರ ಮಾಡಿ ಕುಳಿತ. ಅಲ್ಲಿಯವರೆಗೆ ತಲೆ ಆಡಿಸುತ್ತಿದ್ದವನು ಆಗ ನಿಜವಾಗಿ ಕೇಳಿಸಿಕೊಂಡ. "ಕಾಮಣಿ ಔಷಧ ನಾನೂ ತಗೊಂಡೇನ್ರಿ, ಸಣ್ಣಾಂವಿದ್ದಾಗ. ಪಥ್ಯ ಅಂದ್ರ ಗೊತ್ತೈತ್ರಿ ನನಗ. ಬಿಡ್ರಿ, ನಡಸ್ತೇನಿ" ಎಂದ.

ಇದಾದ ಮೇಲೆ ನಾನು ಇನ್ನೊಂದು ಮಾತು ಹೇಳಿದೆ ಎಂದು ನನ್ನ ನೆನಪು: "ಅಕಸ್ಮಾತ್ ಕುಡದರೂ ಗುಳಿಗಿ ಮಾತ್ರ ತಪ್ಪಸಬ್ಯಾಡ." ಈ ವಾಕ್ಯದ ಬಗ್ಗೆ ಮುಂದೆ ಬರೆಯುತ್ತೇನೆ.

ಪ್ರತಿ ತಿಂಗಳು ರೋಗಿ ಬಾಟಲಿ ತರಬೇಕು. ಮೂವತ್ತು ಗುಳಿಗೆಯಲ್ಲಿ ಎಷ್ಟು ಉಳಿದಿವೆ ಎಂದು ಶಮಶಾದ್ ಎಣಿಸುತ್ತಿದ್ದರು. ಉಳಿದಿದ್ದರೆ ಬೈಗುಳ, ಮತ್ತೆ ಕೌನ್ಸೆಲಿಂಗ್, ಮುಂದಿನ ವಾರ ಮತ್ತೆ ಬಾ ಎಂಬ ಅಪ್ಪಣೆ. ಮಶಿನ್ ಬಿಟ್ಟು ಬರುವವನಿಗೆ ಅದು ಸಣ್ಣ ಶಿಕ್ಷೆಯಲ್ಲ. ಫಕ್ಕೀರಪ್ಪನ ಬಾಟಲಿ ಪ್ರತಿ ಸಲವೂ ಖಾಲಿ. ರತ್ನವ್ವನದ್ದೂ ಖಾಲಿ. "ಹೆಂಗ ನಡದೈತಿ?" ಎಂದರೆ ಅವನ ಉತ್ತರ ಒಂದೇ: "ನೀವು ಹೇಳಿದಂಗ ನಡದೇನ್ರಿ." ಆರು ತಿಂಗಳಿಗೆ ಅವನ ತೂಕ ಐದು ಕಿಲೋ ಏರಿತು. ಅದು ಮಳೆಗಾಲ ಮುಗಿಯುವ ಮುಂಚಿನ ಮಾತು. ಆ ವರ್ಷ ಹೊಸದಾಗಿ ಸೇರಿದ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಡುವಾಗ ನಾನು ಇವನ ಉದಾಹರಣೆ ಹೇಳಿದೆ, ಹೆಸರು ಬಿಟ್ಟು. ಜನರ ನಂಬಿಕೆಯನ್ನೇ ಔಷಧದ ಹೊರೆ ಹೊರಲು ಹಚ್ಚಿರಿ ಎಂದೆ. ಕೆಲವರು ಬರೆದುಕೊಂಡರು.

ಆಮೇಲೆ ಸುಗ್ಗಿ ಬಂತು, ಹೋಯಿತು. ಮರುವರ್ಷದ ಸುಗ್ಗಿಯೂ ಬಂತು. 2019ರ ಆರಂಭದಲ್ಲಿ ಫಕ್ಕೀರಪ್ಪ ಬಂದಾಗ ಅಂಗಿ ಹೆಗಲಿನಿಂದ ಜಾರುತ್ತಿತ್ತು. ನಾಲಿಗೆಯ ಮೇಲೆ ಮೊಸರು ಹೆಪ್ಪುಗಟ್ಟಿದಂತೆ ಬಿಳಿ ಪೊರೆ. ರೋಗ ನಿರೋಧಕ ಶಕ್ತಿ ಕುಸಿದಾಗ ಬಾಯಲ್ಲಿ ಬೆಳೆಯುವ ಶಿಲೀಂಧ್ರ ಅದು. ಔಷಧ ಸರಿಯಾಗಿ ತೆಗೆದುಕೊಳ್ಳುವವನಿಗೆ ಎರಡನೆಯ ವರ್ಷದಲ್ಲಿ ಬರಬಾರದು. ಇಬ್ಬರ ರಕ್ತವನ್ನೂ ವೈರಲ್ ಲೋಡ್ ಪರೀಕ್ಷೆಗೆ ಕಳಿಸಿದೆ. ರಕ್ತದಲ್ಲಿ ಎಷ್ಟು ವೈರಾಣು ಇದೆ ಎಂದು ಎಣಿಸುವ ಆ ಪರೀಕ್ಷೆ ಆಗಷ್ಟೇ ನಮ್ಮ ಕೈಗೆಟುಕುತ್ತಿತ್ತು.

ವರದಿಗಳು ಒಂದೇ ಲಕೋಟೆಯಲ್ಲಿ ಬಂದವು. ರತ್ನವ್ವನದ್ದು: ವೈರಾಣು ಪತ್ತೆಯಾಗಿಲ್ಲ. ಫಕ್ಕೀರಪ್ಪನದ್ದು ಒಂದು ಲಕ್ಷ ದಾಟಿತ್ತು. ಅವನ ಸಿಡಿ4, ಅಂದರೆ ದೇಹ ಕಾಯುವ ಕಣಗಳ ಲೆಕ್ಕ, ಅರವತ್ತೆಂಟಕ್ಕೆ ಇಳಿದಿತ್ತು. ಎಷ್ಟೋ ವರ್ಷ ನಾನು ಈ ಕಥೆ ಹೇಳುವಾಗ 'ನಲವತ್ತು' ಎನ್ನುತ್ತಿದ್ದೆ. ಕಾಗದದಲ್ಲಿ ಅರವತ್ತೆಂಟು ಇದೆ. ನೆನಪು ಯಾಕೆ ಇನ್ನೂ ಕೆಳಗಿಳಿಸಿತೋ ತಿಳಿಯದು. ಬಹುಶಃ ಮೊದಲೇ ಕೈಮೀರಿತ್ತು ಎಂದು ತೋರಿಸುವುದು ನನಗೆ ಬೇಕಾಗಿತ್ತು.

ಒಂದೇ ಮನೆ, ಒಂದೇ ಗುಳಿಗೆ, ಒಂದೇ ದಿನ ಶುರು. ಒಬ್ಬರಿಗೆ ಗುಣ, ಒಬ್ಬರಿಗೆ ಇಲ್ಲ. ಲ್ಯಾಬಿನಲ್ಲಿ ಟ್ಯೂಬ್ ಅದಲುಬದಲಾಗಿರಬೇಕು ಎಂದುಕೊಂಡೆ. ಮತ್ತೆ ರಕ್ತ ಕಳಿಸಿದೆ. ಮತ್ತೆ ಅದೇ ಉತ್ತರ. ಈ ಸಲ ಅನುಮಾನ ಅವನ ಮೇಲೆ ತಿರುಗಿತು. ಗುರುವಾರ ಇಬ್ಬರನ್ನೂ ಕೂರಿಸಿ ಶಮಶಾದರನ್ನೂ ಕರೆದೆ.

"ಸುಳ್ಳು ಹೇಳಬ್ಯಾಡ ಫಕ್ಕೀರಪ್ಪ. ಗುಳಿಗಿ ನುಂಗಾಕತ್ತಿಲ್ಲ ನೀನು."

"ಸುಳ್ಳ ಯಾಕ ಹೇಳ್ಲಿ ಸಾಹೇಬ್ರ? ಬಾಟ್ಲಿ ಖಾಲಿ ಐತಲ್ರಿ."

"ಬಾಟ್ಲಿ ಖಾಲಿ ಆದ್ರ ಹೊಟ್ಟಿ ಸೇರಿದಂಗ ಆತೇನು? ಕುಡಿಯಾಕ ಹತ್ತೀ ಇಲ್ಲೋ?"

ಅವನು ರತ್ನವ್ವನನ್ನು ನೋಡಿದ. ಆಕೆ ಗೋಡೆ ನೋಡಿದಳು. "ಸುಗ್ಯಾಗ ಕುಡದೇನ್ರಿ. ಇಲ್ಲ ಅನ್ನೂದಿಲ್ಲ. ಕಣದಾಗ ಕೊಡತಾರ, ಒಲ್ಲೆ ಅನ್ನಾಕ ಬರೂದಿಲ್ರಿ. ಮಾಡಿದ್ದು ತಪ್ಪು" ಎಂದ. ಆಮೇಲೆ ಮುಖ ಮೇಲೆತ್ತಿ, ಇದೊಂದಕ್ಕಾದರೂ ನಾನು ಮೆಚ್ಚಬೇಕು ಎಂಬಂತೆ ಹೇಳಿದ: "ಆದ್ರ ಪಥ್ಯ ಮುರದ ದಿನ ಒಂದ ಸಲಾನೂ ಗುಳಿಗಿ ಮುಟ್ಟಿಲ್ರಿ. ನಮ್ಮವ್ವನ ಆಣಿ."

ಶಮಶಾದ್ ಮೊದಲು ಚೇತರಿಸಿಕೊಂಡು ಮೆಲ್ಲಗೆ ಕೇಳಿದರು. "ಅಣ್ಣಾರ, ಸುಗ್ಯಾಗ ವಾರಕ್ಕ ಎಷ್ಟು ದಿನ ಪಥ್ಯ ಮುರೀತಿತ್ತು?"

"ಐದೂ ಆಗ್ತಿತ್ತು, ಆರೂ ಆಗ್ತಿತ್ತು ಅಕ್ಕಾರ."

"ಆ ಗುಳಿಗಿ ಎಲ್ಲಿ ಹ್ವಾದವು ಮತ್ತ?"

"ತಿಂಗಳ ಕಡೀಗೆ ಉಳದವನ್ನ ಕೆರಿಗೆ ಬಿಡ್ತಿದ್ದೆ. ಔಷಧ ತಿಪ್ಪಿಗೆ ಒಗಿಬಾರದಲ್ರಿ. ಉಳಿಸಿಕೊಂಡು ಬಂದ್ರ ನೀವು ಬೈತೀರಿ."

ರತ್ನವ್ವ ಆಗ ಬಾಯಿ ತೆರೆದಳು. "ನಾ ಅಂದೇನ್ರಿ, ಕುಡದ್ರೂ ಒಂದು ನುಂಗು ಅಂತ. 'ಸಾಯಿಸಬೇಕಂತ ಮಾಡೀ ಏನು, ಔಷಧ ತಿರಗಿ ಬೀಳತೈತಿ' ಅಂತ ನನ್ನ ಮ್ಯಾಲ ಹರಿಹಾಯ್ದ್ರು" ಎಂದಳು.

ನಾನು ಅವನಿಗೆ ವಿವರಿಸಿದೆ. ಎಷ್ಟು ಕುಡಿದಿದ್ದರೂ ಗುಳಿಗೆ ತೆಗೆದುಕೊಳ್ಳಬೇಕಿತ್ತು, ತಪ್ಪಿಸಿದ್ದರಿಂದಲೇ ಹೀಗಾಯಿತು ಎಂದೆ.

"ಅಂದ್ರ ಕುಡದಾಗೂ ತಗೋಬಹುದಿತ್ತು?"

"ತಗೋಬೇಕಿತ್ತು."

"ಮೊದಲ ಯಾಕ ಹೇಳ್ಲಿಲ್ರಿ?"

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದವನು ಮೊದಲೇ ಬೋರ್ಡ್ ಯಾಕಿಲ್ಲ ಎಂದು ಕೇಳುವ ದನಿ. ನಾನು ತಕ್ಷಣ ಹೇಳಿದೆ: "ಹೇಳಿದ್ನಲ್ಲೋ."

"ಹೇಳಿರಬೇಕ್ರಿ," ಎಂದ ಫಕ್ಕೀರಪ್ಪ. "ನಾನ ಮರ್ತಿರಬೇಕು."

ಆ ಭಾನುವಾರ ನಾನು ತಿಳವಳ್ಳಿ ಕಡೆ ಹೊರಟೆ. ಕೆಲಸವೇನೂ ಇರಲಿಲ್ಲ, ಸುಮ್ಮನೆ ಕೂರಲಾಗಲಿಲ್ಲ. ಫಕ್ಕೀರಪ್ಪ ಚಿಕ್ಕಂದಿನಲ್ಲಿ ಕಾಮಣಿ ಔಷಧ ತೆಗೆದುಕೊಂಡ ಮನೆ ಅವನೂರಿನಿಂದ ಎರಡು ಊರಾಚೆ ಎಂದು ರತ್ನವ್ವ ಹೇಳಿದ್ದಳು. ಹೊಲಗಳ ನಡುವಿನ ದಾರಿಯಲ್ಲಿ ಭತ್ತ ಕೊಯ್ದ ಕೂಳೆ ಒಣಗಿ ನಿಂತಿತ್ತು. ಔಷಧ ಕೊಡುವ ಮುದುಕಿ ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತಿದ್ದಳು. ನಾನು ಡಾಕ್ಟರ್ ಎಂದು ತಿಳಿದು ಜಗಳಕ್ಕೆ ಬಂದಿದ್ದೇನೆ ಎಂದುಕೊಂಡಳು.

"ಕುಂದರ್ರಿ. ಹಿಂದಕ್ಕೂ ಒಬ್ರು ಬಂದಿದ್ರು, ಬೈದು ಚಾ ಕುಡದು ಹ್ವಾದ್ರು. ನೀವು ಮೊದಲ ಚಾ ಕುಡೀರಿ, ಆಮ್ಯಾಲ ಬೈಯುವಂತ್ರಿ."

ನಾನು ಬೈಯಲು ಬಂದಿಲ್ಲ, ಪಥ್ಯದ ಬಗ್ಗೆ ಕೇಳಲು ಬಂದಿದ್ದೇನೆ ಎಂದೆ. ಆಕೆ ಮೊರ ಪಕ್ಕಕ್ಕಿಟ್ಟಳು. ಪಥ್ಯ ಹೇಳುವಾಗ ಎರಡು ಮಾತು ಹೇಳಬೇಕು ಎಂದಳು. ಏನು ಬಿಡಬೇಕು ಎಂಬುದು ಒಂದು. ಬಿಡಲಾಗದೆ ತಿಂದರೆ ಏನು ಮಾಡಬೇಕು ಎಂಬುದು ಇನ್ನೊಂದು. ಆಕೆಯ ಔಷಧದಲ್ಲಿ, ಪಥ್ಯ ಮುರಿದವನು ಆ ದಿನ ಔಷಧ ಮುಟ್ಟಬಾರದು, ಮುಟ್ಟಿದರೆ ತಿರುಗಿ ಬೀಳುತ್ತದೆ. ಮರುದಿನ ತಲೆ ಮೇಲೆ ನೀರು ಹಾಕಿಕೊಂಡು ಮತ್ತೆ ಆರಂಭಿಸಬೇಕು. ಈ ಸೀಮೆಯಲ್ಲಿ ಎಲ್ಲ ಎಲೆ ಔಷಧಕ್ಕೂ ಅದೇ ಕಟ್ಟಳೆ ಎಂದಳು. ಹೊಟ್ಟೆ ತುಂಬಾ ಮೀನು ತಿಂದು ಔಷಧ ಕುಡಿದು ಸತ್ತ ಒಬ್ಬನ ಹೆಸರನ್ನೂ ಹೇಳಿದಳು. ಆ ಹೆಸರು ಕೇಳಿ ಫಕ್ಕೀರಪ್ಪನೇ ಆಮೇಲೆ ನನಗೆ ತಿಳಿಸಿದ: ತಾನು ಔಷಧ ತೆಗೆದುಕೊಂಡ ವರ್ಷವೇ ಅವನು ಸತ್ತನಂತೆ, ಅದೇ ಕಟ್ಟೆಯ ಮೇಲೆ ಇಬ್ಬರೂ ಅಕ್ಕಪಕ್ಕ ಕುಳಿತಿದ್ದರಂತೆ. ನನ್ನ ಪ್ರಕಾರ ಆ ಮನುಷ್ಯ ಸತ್ತದ್ದು ಲಿವರ್ ಕೆಟ್ಟು, ಮೀನಿನಿಂದಲ್ಲ. ಅದನ್ನು ಹೇಳಲು ಹೋಗಲಿಲ್ಲ.

"ನೀವೂ ನಿಮ್ಮ ಗುಳಿಗಿಗೆ ಪಥ್ಯ ಹೇಳ್ತೀರೇನು?" ಎಂದು ಕೇಳಿದಳು.

"ಒಬ್ಬಾಂವಗ ಹೇಳಿದ್ದೆ."

"ಮುರದ್ರ ಏನ್ ಮಾಡಬೇಕಂತ ಹೇಳಿದ್ರೇನು?"

ಹೇಳಿದ್ದೆ ಎನ್ನಲು ಹೋದವನು ಪಕ್ಕದ ಮೊರದೊಳಗಿನ ಒಂದು ಕಲ್ಲು ಹೆಕ್ಕಿ ಒಗೆದೆ. ಆಕೆ ಮತ್ತೆ ಮೊರ ಎತ್ತಿಕೊಂಡಳು. "ಅರ್ಧಾ ಹೇಳಿದ್ರ ಉಳದರ್ಧಾ ಅಂವಾ ತನಗ ತಿಳದಿದ್ದು ಹಚಗೊತಾನ್ರಿ ಸಾಹೇಬ್ರ" ಎಂದಳು.

ಬಸ್ಸಿಗೆ ಕಾಯುತ್ತಾ ನಿಂತಾಗ ನನ್ನ ತಪ್ಪಿನ ಆಕಾರ ಕಂಡಿತು. ಎಲೆ ಔಷಧವನ್ನು ನಂಬದವನು ನಾನು, ಆದ್ದರಿಂದ ಅದರೊಳಗೆ ಒಂದು ಕಟ್ಟುನಿಟ್ಟಾದ ನಿಯಮಾವಳಿ ಇರಬಹುದು ಎಂದು ಯೋಚಿಸಿಯೇ ಇರಲಿಲ್ಲ. ಮೂಢನಂಬಿಕೆ ಎಂದರೆ ಒಳಗೆ ಟೊಳ್ಳು, ಅದರಲ್ಲಿ ನನಗೆ ಬೇಕಾದದ್ದನ್ನು ತುಂಬಬಹುದು ಎಂದುಕೊಂಡಿದ್ದೆ. ಅದು ಮೊದಲೇ ತುಂಬಿತ್ತು. ಇನ್ನೂ ದೊಡ್ಡ ತಪ್ಪು ಬೇರೆ. ಕುಡಿತದ ಚಿಕಿತ್ಸೆಯ ಮೊದಲ ಪಾಠವೇ ಬಿಟ್ಟವನು ಮತ್ತೆ ಕುಡಿಯುತ್ತಾನೆ ಎಂಬುದು. ಅದು ಅವನ ದುಷ್ಟತನವಲ್ಲ, ಕಾಯಿಲೆಯ ಲಕ್ಷಣ. ಇದನ್ನು ನಾನು ಬೇರೆಯವರಿಗೆ ಕಲಿಸುತ್ತಿದ್ದೆ. ಆದರೂ ಸುಗ್ಗಿಯ ಕಣಕ್ಕೆ ಹೋಗುವ ಮನುಷ್ಯನಿಗೆ, ಎಂದೂ ಕುಡಿಯದವನಿಗೆ ಹೊಂದುವ ಸಲಹೆ ಕೊಟ್ಟು ಕಳಿಸಿದ್ದೆ.

ಫಕ್ಕೀರಪ್ಪನ ವೈರಾಣು ಹಳೆಯ ಗುಳಿಗೆಗೆ ಬಗ್ಗುವುದಿಲ್ಲ ಎಂದು ಖಚಿತವಾಯಿತು. ಎರಡನೆಯ ಹಂತದ ಔಷಧಕ್ಕೆ ಮೇಲಿನವರ ಒಪ್ಪಿಗೆ ಬೇಕು, ಅದಕ್ಕೆ ಹುಬ್ಬಳ್ಳಿಗೆ ಹೋಗಿ ಬರಬೇಕು. ಹೋಗಿ ಬಂದ. ಹೊಸ ಔಷಧ ಸಿಕ್ಕಿತು. ಆ ದಿನದಿಂದ ಅವನು ಶೆರೆಯನ್ನು ಮುಟ್ಟಲಿಲ್ಲ. ಇದನ್ನು ನಾನು ಅವನ ಮಾತಿನ ಮೇಲೆ ನಂಬುತ್ತಿಲ್ಲ, ರತ್ನವ್ವನ ಮಾತಿನ ಮೇಲೆ ನಂಬುತ್ತೇನೆ. ಹೊಸ ಔಷಧವನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ಆದರೆ ಅರವತ್ತೆಂಟು ಕಣಗಳ ಮೇಲೆ ನಿಂತ ದೇಹಕ್ಕೆ ಕಾಯುವಷ್ಟು ಸಮಯ ಇರಲಿಲ್ಲ.

ಐದನೆಯ ವಾರ ತಲೆನೋವು ಶುರುವಾಯಿತು. ಬಿಸಿಲಿನದ್ದು ಎಂದು ಮೂರು ದಿನ ಕಳೆದರು. ನಾಲ್ಕನೆಯ ದಿನ ಕತ್ತು ಬಗ್ಗಲಿಲ್ಲ, ಹೆಂಡತಿಯ ಹೆಸರು ಕೇಳಿದರೆ ಮಶಿನ್ ಮಾಲೀಕನ ಹೆಸರು ಹೇಳಿದ. ಮೆದುಳಿನ ಪೊರೆಗೆ ಕ್ಷಯ ತಗುಲಿತ್ತು. ಹುಬ್ಬಳ್ಳಿಯಲ್ಲಿ ಹದಿಮೂರು ದಿನ ಇದ್ದ. ನಾನು ಎರಡು ಸಲ ಹೋಗಿ ನೋಡಿದೆ. ಎರಡನೆಯ ಸಲ ನನ್ನ ಗುರುತು ಹತ್ತಿತೋ ಇಲ್ಲವೋ ಹೇಳಲಾರೆ. ಕೈ ಎತ್ತಿ ನಮಸ್ಕಾರ ಮಾಡಿದ ಎಂದು ನೆನಪು. ಆ ಸ್ಥಿತಿಯ ರೋಗಿ ನಮಸ್ಕಾರ ಮಾಡುವುದು ಅಪರೂಪ, ಕೈ ತಾನಾಗಿ ಅಲುಗಿರಬಹುದು. ಮರುದಿನ ಮಧ್ಯಾಹ್ನ ತೀರಿಕೊಂಡ. ಅವನು ಕೇಳಿದ ಹತ್ತು ಸುಗ್ಗಿಯಲ್ಲಿ ಅವನಿಗೆ ದಕ್ಕಿದ್ದು ಎರಡು.

ಈಗ ಆ ವಾಕ್ಯದ ವಿಷಯ. "ಅಕಸ್ಮಾತ್ ಕುಡದರೂ ಗುಳಿಗಿ ಮಾತ್ರ ತಪ್ಪಸಬ್ಯಾಡ." ಅವನು ಸತ್ತ ಮೇಲೆ ನಾನು ಈ ಹತ್ತಿಪ್ಪತ್ತು ಅಕ್ಷರಗಳ ಹಿಂದೆ ಬಿದ್ದೆ. ಹೇಳಿದ್ದೆನೋ ಇಲ್ಲವೋ? ನನ್ನ ನೆನಪಿನಲ್ಲಿ ಅದು ಸ್ಪಷ್ಟವಾಗಿದೆ: ಕಿಟಕಿಯ ಬೆಳಕು, ನನ್ನ ಎತ್ತಿದ ಬೆರಳು, ಅವನ ತಲೆ ಆಡಿಸುವಿಕೆ. ಆದರೆ ಸವಣೂರಿನ ನನ್ನ ಕೋಣೆಗೆ ಕಿಟಕಿ ಇರಲಿಲ್ಲ. ಕಿಟಕಿ ಇದ್ದದ್ದು ಹಾನಗಲ್ಲಿನ ಕೋಣೆಗೆ. ಕೇಸ್ ಪೇಪರ್ ತೆಗೆದೆ. ಆ ದಿನದ ಕೆಳಗೆ ನನ್ನದೇ ಕೈಬರಹದಲ್ಲಿ ಎರಡು ಸಾಲು: ಶೆರೆ ಬಿಡಲು ತಿಳಿಹೇಳಿದೆ. ಪಥ್ಯದ ಹೋಲಿಕೆ ಕೊಟ್ಟೆ, ಒಪ್ಪಿದ. ಅಷ್ಟೇ.

ಶಮಶಾದರನ್ನು ಕೇಳಿದೆ. ಆಕೆ ಯೋಚಿಸಿ, "ನೀವು ಎಲ್ಲಾರಿಗೂ ಹೇಳ್ತಿದ್ರಿ ಸರ, ಅವನಿಗೂ ಹೇಳಿರ್ತೀರಿ" ಎಂದರು. ಅದು ಸಾಕ್ಷಿಯಲ್ಲ, ಸಮಾಧಾನ. "ನೀವು ಆವತ್ತು ಕೇಳಿಸಿಕೊಂಡಿದ್ರೇನು?" ಎಂದೆ. "ಇಲ್ರಿ, ನಾ ಹೊರಗ ಗುಳಿಗಿ ಎಣಸಾಕತ್ತಿದ್ದೆ" ಎಂದರು.

ಉಳಿದವಳು ರತ್ನವ್ವ. ನಾಲ್ಕು ತಿಂಗಳ ನಂತರ ಒಂದು ಗುರುವಾರ ಆಕೆ ತನ್ನ ತಪಾಸಣೆಗೆ ಬಂದಳು. ತೂಕ, ರಕ್ತ ಎಲ್ಲ ಸರಿ ಇತ್ತು. ಎದ್ದು ಹೊರಟವಳನ್ನು ಮತ್ತೆ ಕೂರಿಸಿದೆ. ಮೊದಲ ದಿನ ನಾನು ಏನು ಹೇಳಿದೆ ಎಂಬುದು ನಿನಗೆ ನೆನಪಿದೆಯೇ ಎಂದು ಕೇಳಿದೆ. ನನ್ನ ದನಿ ನಡುಗಿತು ಎಂದು ಈಗ ಅನ್ನಿಸುತ್ತದೆ. ವಾಸ್ತವದಲ್ಲಿ ನಾನು ಯಾವ ಕೇಸ್ ಹಿಸ್ಟರಿಯನ್ನಾದರೂ ಕೇಳುವ ದನಿಯಲ್ಲೇ ಕೇಳಿರಬೇಕು.

"ಪಥ್ಯದ್ದು ಹೇಳಿದ್ರಿ," ಎಂದಳು.

"ಅದರ ಮುಂದ? ಕುಡದ್ರೂ ಗುಳಿಗಿ ತಗೋ ಅಂತ ಹೇಳಿದ್ನೋ ಇಲ್ಲೋ? ಖರೇ ಹೇಳು. ನನಗ ಬ್ಯಾಸರ ಇಲ್ಲ."

ಆಕೆ ಸೆರಗಿನ ತುದಿ ಸುತ್ತುತ್ತಾ ಕೂತಳು. ನನ್ನನ್ನು ಉಳಿಸಬೇಕೋ ಗಂಡನನ್ನು ಉಳಿಸಬೇಕೋ ಎಂದು ತೂಗುತ್ತಿದ್ದಾಳೆ ಎಂದುಕೊಂಡೆ. ಆಕೆಯ ಮನಸ್ಸಿನಲ್ಲಿ ಇದ್ದದ್ದು ಬೇರೆಯೇ.

"ಅದು ನನಗ ನೆಪ್ಪಿಲ್ರಿ ಸಾಹೇಬ್ರ," ಎಂದಳು. "ಒಂದು ಹೇಳ್ತೇನಿ. ಅವರು ಅವ್ವನ ಮಾತು ಕೇಳ್ಲಿಲ್ಲ, ನನ್ನ ಮಾತು ಕೇಳ್ಲಿಲ್ಲ, ಊರ ಹಿರೇರ್ ಮಾತೂ ಕೇಳ್ಲಿಲ್ಲ. ಜನ್ಮದಾಗ ಒಬ್ಬರ ಮಾತು ನಡಸಿದ್ರಂದ್ರ ನಿಮ್ದ. ಕುಡದು ಬಂದ ದಿನ ಗುಳಿಗಿ ಕೈಯಾಗ ಹಿಡಕೊಂಡು, 'ಸಾಹೇಬ್ರು ನಂಬ್ಯಾರ, ಮುಟ್ಟಬಾರದು' ಅಂತ ತಿರಗಿ ಬಾಟ್ಲ್ಯಾಗ ಹಾಕ್ತಿದ್ರು."

ನಾನು ಕೇಸ್ ಪೇಪರಿನಲ್ಲಿ ಏನೋ ಬರೆಯುವವನಂತೆ ತಲೆ ತಗ್ಗಿಸಿದೆ. ಆಕೆ ಮುಂದಿನ ತಿಂಗಳ ಬಾಟಲಿ ತೆಗೆದುಕೊಂಡು ಹೋದಳು. ಆ ಕಾಗದ ನನ್ನ ಮುಂದಿದೆ. ಅಲ್ಲಿ ಏನೂ ಬರೆದಿಲ್ಲ.

ಮಾತು ಕೇಳದ ರೋಗಿಗಳ ಬಗ್ಗೆ ವೈದ್ಯರಾದ ನಾವು ಜೀವನಪೂರ್ತಿ ದೂರುತ್ತೇವೆ. ನನಗೆ ಈಗ ಹೆದರಿಕೆಯಾಗುವುದು ಕೇಳುವವರನ್ನು ಕಂಡು. ಮಾತು ನಮ್ಮ ಬಾಯಿಂದ ಹೊರಟಾಗ ಹೇಗಿತ್ತು ಎಂಬುದು ದೊಡ್ಡ ವಿಷಯವಲ್ಲ. ಅದನ್ನು ನಾನು ಮರೆಯಬಹುದು, ತಿದ್ದಿ ನೆನಪಿಟ್ಟುಕೊಳ್ಳಬಹುದು, ಇಲ್ಲದ ಕಿಟಕಿಯನ್ನೂ ಅದಕ್ಕೆ ಜೋಡಿಸಬಹುದು. ಅದು ಆ ಮನುಷ್ಯನ ಮನೆಗೆ ಹೋಗಿ ಏನಾಯಿತು ಎಂಬುದನ್ನು ಅವನ ಬಾಯಿಂದಲೇ ಕೇಳಬೇಕು, ಕೇಳಿದ ಕೂಡಲೇ ಬರೆದಿಡಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು, ಕಲಿಸಿದ್ದು ತಡವಾಗಿ.

ಈಗ ಔಷಧಗಳು ಬದಲಾಗಿವೆ. ಒಂದೆರಡು ದಿನ ತಪ್ಪಿದರೂ ಹಳೆಯದರಷ್ಟು ಬೇಗ ಕೈಬಿಡುವುದಿಲ್ಲ. ಟ್ರಸ್ಟಿನ ಕೆಲಸ ಬಿಟ್ಟು ಹಾನಗಲ್ಲಿನಲ್ಲಿ ಸ್ವಂತ ದವಾಖಾನೆ ಇಟ್ಟಿದ್ದೇನೆ. ಆದರೂ ಈ ಎರಡು ಕಾಯಿಲೆಯವರು ಹುಡುಕಿಕೊಂಡು ಬರುತ್ತಾರೆ, ಹೆಚ್ಚಾಗಿ ದೂರದವರು. ಹೊಸಬನಿಗೆ ಗುಳಿಗೆಯ ಬಗ್ಗೆ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಕೇಳುತ್ತೇನೆ: "ಕುಡದ ದಿನ ಈ ಗುಳಿಗಿ ಏನ್ ಮಾಡ್ತಿ?"

"ಕುಡಿಯೂದ ಇಲ್ರಿ ಸಾಹೇಬ್ರ, ಬಿಟ್ಟೇನಿ" ಎನ್ನುತ್ತಾರೆ ಎಲ್ಲರೂ. ಕೆಲವರು ಆಣೆಯನ್ನೂ ಇಡುತ್ತಾರೆ.

"ಛಲೋ ಆತು. ಕುಡದ ದಿನದ್ದು ಹೇಳು" ಎಂದು ಪೆನ್ನು ಹಿಡಿದು ಕಾಯುತ್ತೇನೆ.